‘ಕಟ್’ ಅಂದರೆ ಕೊಯ್ಯುವುದೋ ಕಡಿಯುವುದೋ? ಅರ್ಥ, ಬಳಕೆ, ಮೂಲ

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಗೆ ತೋಟ, ಗದ್ದೆ, ಅಡುಗೆಮನೆ ಕೆಲಸಗಳ ಇಂಗ್ಲಿಷ್ ಪದಗಳ ಗೋಡೆಪಟ ತಯಾರಾಗುತ್ತಿದೆ. ಉಳಿದ ಪದಗಳೆಲ್ಲ ಸಾಗಿದವು, ‘ಕಟ್’ ಮಾತ್ರ ಸಾಗುತ್ತಿಲ್ಲ. ಮಕ್ಕಳ ಬರಹದಲ್ಲಿ ಹೂ ಕೊಯ್ದರೂ ಕಟ್, ಮರ ಕಡಿದರೂ ಕಟ್, ಸೊಳ್ಳೆ ಕಡಿದರೂ ಕಟ್, ಕಾಫಿಗಿಡಕ್ಕೆ ಕಸಿ ಮಾಡಿದರೂ ಕಟ್. ತಪ್ಪೆಂದು ಗೆರೆ ಎಳೆಯುವುದು ಸುಲಭ; ಸರಿ ಯಾವುದು, ಏಕೆ ಎಂದು ಹೇಳಬೇಕಲ್ಲ. ಜತೆಗೆ ತರಗತಿಯಲ್ಲಿ ತಪ್ಪದೆ ಏಳುವ ಪ್ರಶ್ನೆ ಒಂದಿದೆ: ಕಟ್ ಎಂಬುದು ನಮ್ಮ ‘ಕತ್ತಿ’ಯಿಂದ ಹೋದದ್ದಾ? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಪದಮೂಲ

ಮೇಷ್ಟ್ರೇ, ಮೊದಲು ಮೂಲದ ವಿಷಯ ಮುಗಿಸೋಣ. ಕತ್ತಿಗೂ ಕಟ್‌ಗೂ ನಂಟಿಲ್ಲ. ದನಿ ಹತ್ತಿರವಿದೆ, ಅಷ್ಟೇ. ಕತ್ತಿ ದ್ರಾವಿಡ ಪದ. ತಮಿಳು, ಮಲಯಾಳ, ತೆಲುಗಿನಲ್ಲೂ ಅದು ಕತ್ತಿಯೇ.

ಇಂಗ್ಲಿಷ್ ಬರಹಗಳಲ್ಲಿ ಕಟ್ ಕಾಣಿಸಿಕೊಳ್ಳುವುದು 13ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕಿಂತ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬೇರೆ ಮೂರು ಕ್ರಿಯಾಪದಗಳಿದ್ದವು: ಚೆಯೊರ್ವನ್, ಸ್ನೀದನ್, ಶಿಯೆರನ್. ಮೊದಲನೆಯದು ಇಂದಿನ ‘ಕಾರ್ವ್’ ಆಗಿ ಕೆತ್ತನೆಗೆ ಮತ್ತು ಬೇಯಿಸಿದ ಮಾಂಸ ಹೋಳು ಮಾಡುವುದಕ್ಕೆ ಸೀಮಿತವಾಯಿತು. ಮೂರನೆಯದು ‘ಶಿಯರ್’ ಆಗಿ ಕುರಿಯ ಉಣ್ಣೆ ತೆಗೆಯುವುದಕ್ಕೆ ಉಳಿಯಿತು. ನಡುವಿನದು ಇಂಗ್ಲಿಷಿನ ನಿತ್ಯ ಬಳಕೆಯಿಂದ ಮರೆಯಾಯಿತು. ಅದರ ದಾಯಾದಿ ‘ಶ್ನೈಡೆನ್’ ಜರ್ಮನ್ ಭಾಷೆಯಲ್ಲಿ ಈಗಲೂ ಬಳಕೆಯಲ್ಲಿದೆ. ಮೂರೂ ಬಿಟ್ಟುಕೊಟ್ಟ ಜಾಗಕ್ಕೆ ಕಟ್ ಬಂದು ಕೂತಿತು.

ಅದು ಎಲ್ಲಿಂದ ಬಂತು ಎಂಬುದಕ್ಕೆ ಹೆಚ್ಚಿನ ವಿದ್ವಾಂಸರು ಒಪ್ಪುವ ದಿಕ್ಕು ಸ್ಕ್ಯಾಂಡಿನೇವಿಯ. ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಕುಟಿ’ ಎಂದರೆ ಸಣ್ಣ ಚಾಕು. ಸ್ವೀಡನ್ನಿನ ಆಡುನುಡಿಗಳಲ್ಲಿ ‘ಕುಟಾ’ ಎಂದರೆ ಕೊಯ್ಯುವುದು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ವೈಕಿಂಗರ ನುಡಿಯಿಂದಲೇ ನೈಫ್, ಹಿಟ್, ಟೇಕ್, ಎಗ್ ಕೂಡ ಇಂಗ್ಲಿಷಿಗೆ ಸೇರಿದ್ದು. ಫ್ರೆಂಚಿನಲ್ಲಿ ಚಾಕುವಿಗಿರುವ ‘ಕೂತೋ’ ಪದದಿಂದ ಬಂತು ಎಂಬ ವಾದವೂ ಉಂಟು, ಅದಕ್ಕೆ ಬೆಂಬಲ ಕಡಿಮೆ.

ಗಾಂಧಿಬಜಾರ್

ಹಾಗಾದರೆ ‘ಕತ್ತರಿ’? ‘ಕಟಾವು’? ಕಬ್ಬು ಕಟಾವು ಎಂದು ಪತ್ರಿಕೆಯವರು ಬರೆಯುತ್ತಾರಲ್ಲ, ಅದು ಇಂಗ್ಲಿಷ್ ಕಟ್‌ಗೆ ‘ಆವು’ ಸೇರಿಸಿದ್ದು ಎಂದೇ ಎಷ್ಟೋ ಜನ ನಂಬಿದ್ದಾರೆ.

ಪದಮೂಲ

ಕಟಾವು ಹಿಂದಿ-ಮರಾಠಿ ಕಡೆಯದು. ಅವರ ‘ಕಾಟ್’ ಧಾತು ಪ್ರಾಕೃತದ ಮೂಲಕ ಸಂಸ್ಕೃತದ ‘ಕೃತ್’ಗೆ ಹೋಗುತ್ತದೆ. ನಮ್ಮ ಕತ್ತರಿ ಸಂಸ್ಕೃತದ ‘ಕರ್ತರೀ’ ತದ್ಭವ, ಅದರ ಧಾತುವೂ ಕೃತ್. ಹೀಗಾಗಿ ಕಟಾವು, ಕತ್ತರಿ ಎರಡೂ ಒಂದೇ ಮನೆಯವು. ಈ ಕೃತ್‌ಗೆ ಇಂಗ್ಲಿಷಿನಲ್ಲಿ ದೂರದ ನೆಂಟರು ನಿಜಕ್ಕೂ ಇದ್ದಾರೆ, ಆದರೆ ಕಟ್ ಅವರಲ್ಲಿ ಒಬ್ಬನಲ್ಲ. ಶಿಯರ್, ಶಾರ್ಟ್, ಶರ್ಟ್, ಸ್ಕರ್ಟ್, ಪಾಲು ಎಂಬರ್ಥದ ಶೇರ್ ಇವೆಲ್ಲ, ಸಂಸ್ಕೃತಕ್ಕೂ ಇಂಗ್ಲಿಷಿಗೂ ಮೂಲವಾದ ಇಂಡೋ-ಯುರೋಪಿಯನ್ ನುಡಿಯಲ್ಲಿ ಕೃತ್‌ಗೂ ತಾಯಿಯಾದ ‘ಸ್ಕೆರ್’ ಬೇರಿನಿಂದ ಬಂದವು. ಶರ್ಟ್ ಎಂದರೆ ಮೂಲದಲ್ಲಿ ತುಂಡು ಅಂಗಿ. ನೇಗಿಲಿನ ಕುಳಕ್ಕೆ ಇಂಗ್ಲಿಷಿನಲ್ಲಿ ಪ್ಲೌಶೇರ್ ಅನ್ನುತ್ತಾರೆ. ಆ ‘ಶೇರ್’ ಕೂಡ ನೆಲ ಸೀಳುವ ಅಲಗು ಎಂಬ ಅರ್ಥದ್ದೇ.

ಕಟ್ ಎಂಬ ಅಕ್ಷರ ಕಂಡಲ್ಲೆಲ್ಲ ಕಟ್ ಇಲ್ಲ ಎಂಬುದನ್ನೂ ಹೇಳಿಕೊಡಿ. ಬೇಕರಿಯ ಕಟ್ಲೆಟ್ ಫ್ರೆಂಚಿನ ‘ಕೋತ್‌ಲೆತ್’, ಅಂದರೆ ಪುಟ್ಟ ಪಕ್ಕೆಲುಬು. ಪಕ್ಕೆಲುಬಿನ ಮಾಂಸದ ತುಂಡಿಗೆ ಇದ್ದ ಹೆಸರು ಈಗ ಆಲೂಗಡ್ಡೆ-ಬೀಟ್‌ರೂಟಿಗೂ ಹತ್ತಿದೆ. ಕಟ್ಲರಿ ಬಂದದ್ದು ಚಾಕು ಎಂಬರ್ಥದ ಲ್ಯಾಟಿನ್ ‘ಕುಲ್ಟರ್’ನಿಂದ. ಸಂಬಳಕ್ಕೋ ರಜೆಗೋ ಹೇಳುವ ‘ಕರ್ಟೇಲ್’ನಲ್ಲಿ ಬಾಲವೂ ಇಲ್ಲ, ಕಟ್ಟೂ ಇಲ್ಲ, ಅದು ‘ಮೊಟಕು’ ಎಂಬರ್ಥದ ಲ್ಯಾಟಿನ್ ‘ಕುರ್ಟುಸ್’ ವಂಶದ್ದು.

ಸಾಗರದ ಓದುಗಿ

ಅರ್ಥದ ಕಡೆಗೆ ಬರೋಣ. ಗೊಂದಲ ಹುಟ್ಟುವುದು ಇಲ್ಲಿಯೇ. ಇಂಗ್ಲಿಷಿನ ಕಟ್ ಕೇಳುವ ಪ್ರಶ್ನೆ ಒಂದೇ: ಹರಿತವಾದ ಅಂಚು ವಸ್ತುವಿನೊಳಗೆ ಇಳಿಯಿತೇ? ಅಲಗು ಹೇಗೆ ಓಡಿತು ಎಂಬುದು ಅದಕ್ಕೆ ಬೇಡ. ಕನ್ನಡ ಮೊದಲು ಕೇಳುವುದೇ ಅದನ್ನು. ಅಲಗನ್ನು ಎಳೆದರೆ ಕೊಯ್ಯುವುದು. ಬೀಸಿ ಏಟು ಹಾಕಿದರೆ ಕಡಿಯುವುದು. ಎರಡು ಅಲಗು ಎದುರುಬದುರಾಗಿ ಕೂಡಿದರೆ ಕತ್ತರಿಸುವುದು (ಬರಹದಲ್ಲಿ ಇದನ್ನು ಎಲ್ಲದಕ್ಕೂ ಹಾಕುತ್ತೇವೆ, ಅದು ಬೇರೆ). ನಾರಿನ ಎಳೆಯ ಉದ್ದಕ್ಕೆ ಬಿರಿಸಿದರೆ ಸೀಳುವುದು. ಮೇಲೆ ಮೇಲೆ ಬೀಸಿ ಹಗುರ ಮಾಡಿದರೆ ಸವರುವುದು. ಒಂದೇ ದಿಮ್ಮಿಗೆ ಕೊಡಲಿ ಹಾಕಿದರೆ ಕಡಿದದ್ದು, ಗರಗಸ ಹಾಕಿದರೆ ಕೊಯ್ದದ್ದು. ಗರಗಸ ಹಿಂದೆ ಮುಂದೆ ಎಳೆಯುವ ಸಾಧನ, ಕೊಡಲಿ ಏಟಿನದು. ಅದಕ್ಕೇ ಮರದ ಮಿಲ್ಲಿನಲ್ಲಿ ಹಲಗೆ ‘ಕೊಯ್ಸುತ್ತೇವೆ’, ‘ಕಡಿಸುವುದಿಲ್ಲ’.

ಹಾಗಾಗಿ ಪಟದಲ್ಲಿ ಕಟ್ ಎದುರು ಒಂದು ಕನ್ನಡ ಪದ ಬರೆಯಬೇಡಿ ಮೇಷ್ಟ್ರೇ. ತಿರುಗಿಸಿ ಬರೆಯಿರಿ. ಎಡಗಡೆ ಕನ್ನಡ ಕ್ರಿಯಾಪದದ ಜತೆ ವಸ್ತು, ಬಲಗಡೆ ಇಂಗ್ಲಿಷ್. ಭತ್ತ ಕೊಯ್ಯುವುದಕ್ಕೆ ರೀಪ್ ಅಥವಾ ಹಾರ್ವೆಸ್ಟ್. ಹುಲ್ಲು ಕೊಯ್ಯುವುದಕ್ಕೆ ಕಟ್ ಸಾಕು. ಯಂತ್ರದಲ್ಲಿ ಅಂಗಳದ ಹುಲ್ಲು ಸಮ ಮಾಡಿದರೆ ಮೋ. ಹಲಗೆ ಕೊಯ್ಯುವುದಕ್ಕೆ ಸಾ. ಸೌದೆ ಸೀಳುವುದಕ್ಕೆ ಸ್ಪ್ಲಿಟ್. ಗದ್ದೆಯ ಅಂಚು ಸವರುವುದಕ್ಕೆ ಟ್ರಿಮ್, ತೋಟದ ಕಳೆ ಸವರುವುದಕ್ಕೆ ಸ್ಲ್ಯಾಶ್. ಕುರುಚಲು ಕಾಡು ಕಡಿದು ಸುಟ್ಟು ರಾಗಿ ಚೆಲ್ಲುತ್ತಿದ್ದ ಬೇಸಾಯಕ್ಕೆ ಇಂಗ್ಲಿಷಿನವರು ‘ಸ್ಲ್ಯಾಶ್ ಅಂಡ್ ಬರ್ನ್’ ಎಂದು ಮೂರು ಪದ ಜೋಡಿಸುತ್ತಾರೆ. ನಮಗೆ ‘ಕುಮರಿ’ ಒಂದೇ ಸಾಕು. ಬ್ರಿಟಿಷ್ ಕಾಲದ ಅರಣ್ಯ ದಾಖಲೆಗಳಲ್ಲೂ ‘ಕುಮ್ರಿ’ ಎಂದೇ ಇದೆ.

ಹೂ ಕೊಯ್ಯುವುದು ಮಾತ್ರ ಈ ಲೆಕ್ಕಕ್ಕೆ ಹೊರಗು, ಅಲ್ಲಿ ಅಲಗೇ ಇಲ್ಲ. ಕೊಯ್ ಎಂಬ ಧಾತುವಿನಲ್ಲಿ ಕೀಳುವ ಅರ್ಥ ಮೊದಲಿನಿಂದ ಇದೆ: ತಮಿಳಿನ ಕೊಯ್ ಹೂ-ಕಾಯಿ ಕೀಳುವುದು, ಮಲಯಾಳದ್ದು ಪೈರು ಕೊಯ್ಯುವುದು, ತೆಲುಗಿನ ಕೋಯು ಎರಡೂ. ಇಂಗ್ಲಿಷಿಗೆ ಹಾಕುವಾಗ ಪಿಕ್ ಅಥವಾ ಪ್ಲಕ್. ‘ಕಟ್ ಫ್ಲವರ್ಸ್’ ಎಂಬ ಮಾತೂ ಇಂಗ್ಲಿಷಿನಲ್ಲಿದೆ, ಆದರೆ ಅದು ಗುಲಾಬಿ, ಜರ್ಬೆರಾದಂಥವನ್ನು ಉದ್ದ ದಂಟಿನ ಸಮೇತ ಕತ್ತರಿಸಿ ಮಾರುವ ಹೂವಿಗೆ. ಮಲ್ಲಿಗೆ ಮೊಗ್ಗಿಗೆ ಅದು ಒಗ್ಗುವುದಿಲ್ಲ.

ಉಂಬಳೇಬೈಲು

ಅಕ್ಕ ಚೆನ್ನಾಗಿ ಬಿಡಿಸಿದ್ರು. ಸೊಳ್ಳೆಯ ವಿಷಯ ಬಾಕಿ ಇದೆ. ಕನ್ನಡದ ಕಡಿಗೆ ಹಲ್ಲೂ ಅಲಗೂ ಒಂದೇ. ಹಾಗಾಗಿ ‘ಮಸ್ಕಿಟೋ ಕಟ್ ಮಿ’ ಎಂಬ ವಾಕ್ಯ ಹುಟ್ಟುತ್ತದೆ. ಹಲ್ಲು, ಕೊಂಡಿ, ಸೊಂಡಿಲು ಬಂದಲ್ಲಿ ಕಟ್ ಇಲ್ಲ. ಸೊಳ್ಳೆ, ಹಾವು, ನಾಯಿ, ಉಣುಗು ಇವಕ್ಕೆ ಬೈಟ್. ಜೇನು, ಚೇಳಿಗೆ ಸ್ಟಿಂಗ್. ಇದು ನಮ್ಮ ಸೀಮೆಯಲ್ಲಿ ಬರೀ ವ್ಯಾಕರಣದ ಮಾತಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ಅದು ಹರಡುವುದು ಉಣುಗಿನಿಂದ. ಆಸ್ಪತ್ರೆಯ ಚೀಟಿಯಲ್ಲಿ ‘ಟಿಕ್ ಬೈಟ್’ ಎಂದಿರಬೇಕಾದಲ್ಲಿ ‘ಟಿಕ್ ಕಟ್’ ಎಂದಿದ್ದರೆ ಓದಿದವರಿಗೆ ಗಾಯ ಎಂಥದ್ದು ಎಂಬುದೇ ತಿಳಿಯುವುದಿಲ್ಲ.

‘ಕಡಿತ’ ಎಂಬುದಕ್ಕೂ ಎರಡು ಮುಖ. ಹಾವಿನ ಕಡಿತ ಬೈಟ್. ವಿದ್ಯುತ್ ಕಡಿತ, ಸಂಬಳ ಕಡಿತ ಕಟ್. ಎರಡನೆಯದರಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿದಿವೆ: ಹರಿಯುತ್ತಿದ್ದದ್ದನ್ನು ನಡುವೆ ತುಂಡು ಮಾಡುವುದು.

ಕೊಪ್ಪ ಕಾಫಿತೋಟ

ಕಸಿಗೆ ದಯವಿಟ್ಟು ಕಟ್ ಬರೆಯಬೇಡಿ. ‘ವಿ ಕಟ್ ದಿ ಕಾಫಿ ಪ್ಲಾಂಟ್ಸ್’ ಎಂದರೆ ಓದಿದವರು ತೋಟ ತೆಗೆದುಹಾಕಿದರು ಎಂದುಕೊಳ್ಳುತ್ತಾರೆ. ಒಣಗಿದ, ರೋಗ ಹತ್ತಿದ, ಒಳಗೊಳಗೆ ಹೆಣೆದುಕೊಂಡ ರೆಂಬೆ ತೆಗೆಯುವ ಕಸಿ ಕೆಲಸ ಪ್ರೂನ್. ಮಳೆಗಾಲಕ್ಕೆ ಮೊದಲು ನೆರಳಿನ ಮರದ ಕೊಂಬೆ ಇಳಿಸುವ ಮರಗಸಿ ಲಾಪ್. ಬುಡದಿಂದ ಏಳುವ ಬೇಡದ ಚಿಗುರು ತೆಗೆಯುವುದು ಡೀಸಕರಿಂಗ್. ಬಯಲುಸೀಮೆಯ ಪುಸ್ತಕಗಳಲ್ಲಿ ಕಸಿ ಎಂದರೆ ಗ್ರಾಫ್ಟಿಂಗ್. ಕಾಫಿ ಸೀಮೆಯಲ್ಲಿ ಕಸಿ ಎಂದರೆ ಪ್ರೂನಿಂಗ್. ಪಟದಲ್ಲಿ ಎರಡನ್ನೂ ಹಾಕದಿದ್ದರೆ ಮಕ್ಕಳು ನಿಘಂಟು ನೋಡಿ ತಪ್ಪು ಬರೆಯುತ್ತಾರೆ.

ತೀರ್ಥಹಳ್ಳಿ ಮೇಷ್ಟ್ರು

ಇದು ಬಹಳ ಬೇಕಾಗಿತ್ತು. ಇನ್ನೊಂದು: ಕಟ್ ಡೌನ್, ಕಟ್ ಅಪ್, ಕಟ್ ಆಫ್ ಇವುಗಳ ವ್ಯತ್ಯಾಸ. ಮತ್ತೆ ‘ಕಟೆಡ್’ ಎಂದು ಬರೆಯುವುದನ್ನು ಬಿಡಿಸುವುದು ಹೇಗೆ?

ವ್ಯಾಕರಣದ ಕಟ್ಟೆ

‘ಕಟೆಡ್’ ಬಗ್ಗೆ ಕಾರಣ ಸಮೇತ ಹೇಳಿ, ಉಳಿಯುತ್ತದೆ. ಹಿಂದಿನ ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ಕೊನೆಯಲ್ಲಿ ‘ಟೆ’ ಬರುತ್ತಿತ್ತು, ಕಟ್ ಹೋಗಿ ‘ಕಟ್ಟೆ’ ಆಗುತ್ತಿತ್ತು. ಮುಂದೆ ಪದಗಳ ಕೊನೆಯ ‘ಎ’ ಸ್ವರ ಉಚ್ಚಾರದಲ್ಲಿ ಸವೆದುಹೋಯಿತು. ಧಾತುವಿನ ಕೊನೆಯಲ್ಲೇ ಟ ಇದ್ದುದರಿಂದ ಎರಡು ರೂಪ ಒಂದೇ ಆದವು. ಪುಟ್, ಹಿಟ್, ಸೆಟ್, ಶಟ್ ಎಲ್ಲ ಇದೇ ಸಾಲು. ಕಾಲ ಗೊತ್ತಾಗುವುದು ಹಿ, ಶಿ, ಇಟ್ ಬಂದಲ್ಲಿ: ‘ಹಿ ಕಟ್ಸ್’ ವರ್ತಮಾನ, ‘ಹಿ ಕಟ್’ ಭೂತ. ಬರೆಯುವಾಗ ‘ಕಟಿಂಗ್’ನಲ್ಲಿ ಟಿ ಅಕ್ಷರ ಎರಡು ಸಲ, ಒಂದೇ ಹಾಕಿದರೆ ‘ಕ್ಯೂಟಿಂಗ್’ ಎಂದು ಓದಿಸಿಕೊಳ್ಳುತ್ತದೆ.

ಡೌನ್, ಅಪ್ ಕಲಿಸಲು ಮರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಂತ ಮರವನ್ನು ಕಡಿದು ಉರುಳಿಸಿದರೆ ಕಟ್ ಡೌನ್. ಬಿದ್ದ ಮರವನ್ನು ತುಂಡು ತುಂಡು ಮಾಡಿದರೆ ಕಟ್ ಅಪ್. ಕೊಂಬೆಯನ್ನು ಕಾಂಡದಿಂದ ಬೇರೆ ಮಾಡಿದರೆ ಕಟ್ ಆಫ್. ಹಲಗೆಯಿಂದ ಒಂದು ಆಕಾರ ತೆಗೆದರೆ ಕಟ್ ಔಟ್. ಸಿನಿಮಾ ನಟರ ಕಟೌಟ್ ಅದೇ. ದಾರಿಗೆ ಚಾಚಿದ ಬೇಲಿಯನ್ನು ಮೊದಲಿನ ಅಳತೆಗೆ ತಂದರೆ ಕಟ್ ಬ್ಯಾಕ್. ಕೆಲಸ ಒಂದೇ, ಕೊನೆಗೆ ಏನಾಯಿತು ಎಂಬುದನ್ನು ಆ ಪುಟ್ಟ ಪದ ಹೇಳುತ್ತದೆ. ಕನ್ನಡದಲ್ಲಿ ಅದನ್ನು ‘ಕಡಿದು ಉರುಳಿಸು’, ‘ಕಡಿದು ತುಂಡು ಮಾಡು’ ಎಂದು ಎರಡನೆಯ ಕ್ರಿಯಾಪದದಿಂದ ಹೇಳುತ್ತೇವೆ. ಇದು ಮನಸ್ಸಿಗೆ ಹತ್ತಿದರೆ ಕಟ್ ಆಫ್‌ನ ಬೇರೆ ಬಳಕೆಯೂ ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ಸೇತುವೆ ಮುಳುಗಿ ಊರು ‘ಕಟ್ ಆಫ್’ ಆಗುವುದು, ನಾವು ‘ಸಂಪರ್ಕ ಕಡಿದುಹೋಯಿತು’ ಅನ್ನುವುದು, ಎರಡೂ ಕೊಂಬೆ-ಕಾಂಡದ ಚಿತ್ರವೇ.

ಇನ್ನೊಂದು ತಪ್ಪನ್ನು ಯಾರೂ ತಿದ್ದುವುದಿಲ್ಲ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ಆಳಿನ ಕೈಲಿ ಮರ ಕಡಿಸಿ ‘ಐ ಕಟ್ ದಿ ಟ್ರೀ’ ಎಂದು ಬರೆಯುವುದು. ಕನ್ನಡದಲ್ಲಿ ಯಾರೂ ತಪ್ಪುವುದಿಲ್ಲ: ಕಡಿದೆ ಬೇರೆ, ಕಡಿಸಿದೆ ಬೇರೆ. ನಮ್ಮ ‘ಇಸು’ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಬೇಕು: ‘ಐ ಹ್ಯಾಡ್ ದಿ ಟ್ರೀ ಕಟ್’. ಕ್ಷೌರಕ್ಕೂ ಅಷ್ಟೇ. ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿ ಮುಂದೆ ತಾನೇ ಕತ್ತರಿ ಹಿಡಿದ ಹಾಗೆಯೂ ಓದಬಹುದು. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಸಂಶಯವಿಲ್ಲ.

ಗರಗಸ

ಮರದ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಅರಣ್ಯ ಇಲಾಖೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು ಕಟಿಂಗ್ ಬದಲು ‘ಫೆಲಿಂಗ್’ ಎಂದು ಬರೆಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಭಾಷೆ ಅದು. ಫಾಲ್ ಎಂದರೆ ಬೀಳು, ಫೆಲ್ ಎಂದರೆ ಬೀಳಿಸು. ಬೀಳು-ಬೀಳಿಸು ಇದ್ದ ಹಾಗೆಯೇ ಹುಟ್ಟಿದ ಜೋಡಿ. ಎಡವುವುದು ಇಲ್ಲಿ: ಬೀಳುವುದರ ಭೂತಕಾಲ ‘ಫೆಲ್’, ಬೀಳಿಸುವುದರ ಭೂತಕಾಲ ‘ಫೆಲ್ಡ್’. ‘ದಿ ಟ್ರೀ ಫೆಲ್’ ಎಂದರೆ ಗಾಳಿಗೆ ತಾನಾಗಿ ಬಿತ್ತು. ‘ದಿ ಟ್ರೀ ವಾಸ್ ಫೆಲ್ಡ್’ ಎಂದರೆ ಯಾರೋ ಕಡಿದರು. ಅರ್ಜಿಯಲ್ಲಿ ಕೊನೆಯ ‘ಇಡಿ’ ಎಂಬ ಎರಡು ಅಕ್ಷರ ಬಿಟ್ಟರೆ ಪ್ರಕರಣವೇ ತಿರುಗುತ್ತದೆ.

ಬಡಗಿ ಕೆಲಸದಲ್ಲಿ ಕಟ್ ಎರಡು ಬಗೆ. ಎಳೆಯ ಉದ್ದಕ್ಕೆ ಕೊಯ್ದರೆ ರಿಪ್ ಕಟ್, ಅಡ್ಡಕ್ಕೆ ಕೊಯ್ದರೆ ಕ್ರಾಸ್ ಕಟ್. ಗರಗಸವೇ ಬೇರೆ. ರಿಪ್ ಗರಗಸದ ಹಲ್ಲು ಉಳಿಯ ತುದಿಯ ಹಾಗೆ ಚಪ್ಪಟೆ, ಎಳೆಯನ್ನು ಕೆತ್ತಿ ಎತ್ತುತ್ತದೆ. ಕ್ರಾಸ್ ಕಟ್ ಗರಗಸದ ಹಲ್ಲು ಓರೆಯಾಗಿ ಮಸೆದ ಚೂಪು, ಎಳೆಯನ್ನು ಎರಡು ಬದಿಯಲ್ಲಿ ಕೊಯ್ದು ನಡುವಿನ ಪುಡಿ ತೆಗೆಯುತ್ತದೆ. ರಿಪ್ ಗರಗಸವನ್ನು ಅಡ್ಡಕ್ಕೆ ಓಡಿಸಿದರೆ ಎಳೆ ಕಿತ್ತು ಅಂಚು ಜುಂಜು ಜುಂಜಾಗುತ್ತದೆ; ಕ್ರಾಸ್ ಕಟ್ಟನ್ನು ಉದ್ದಕ್ಕೆ ಓಡಿಸಿದರೆ ಹಲ್ಲಿನ ಸಂದಿಯಲ್ಲಿ ಪುಡಿ ತುಂಬಿ ಮುಂದೆ ಹೋಗುವುದೇ ಇಲ್ಲ. ಅಳತೆ ಹಾಕುವಾಗ ಗರಗಸ ತಿನ್ನುವ ದಪ್ಪವನ್ನೂ ಬಿಡಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ‘ಕರ್ಫ್’ ಎಂಬ ಪದವಿದೆ. ಅದೂ ಹಳೆಯ ಚೆಯೊರ್ವನ್ ಮನೆಯದೇ.

ಅಂಗಡಿಯ ‘ಕಟಿಂಗ್ ಪ್ಲೇಯರ್’ ಪ್ಲೇಯರ್ ಅಲ್ಲ, ಪ್ಲೈಯರ್ಸ್. ಎರಡು ಬಾಯಿಯ ಇಂಥ ಸಾಧನಗಳು ಇಂಗ್ಲಿಷಿನಲ್ಲಿ ಹೆಚ್ಚಾಗಿ ಬಹುವಚನ: ಸಿಸರ್ಸ್, ಶಿಯರ್ಸ್, ಪ್ಲೈಯರ್ಸ್. ಒಂದಕ್ಕೆ ‘ಎ ಪೇರ್ ಆಫ್’ ಸೇರಿಸಬೇಕು.

ಮೆಟ್ಟುಗತ್ತಿ

ಅಡುಗೆಮನೆ ಪದಗಳು: ಹೆಚ್ಚುವುದು ಚಾಪ್, ಬಿಲ್ಲೆ ಮಾಡುವುದು ಸ್ಲೈಸ್, ಒಂದೇ ಅಳತೆಯ ಚೌಕ ಹೋಳು ಡೈಸ್, ಕೊಚ್ಚುವುದು ಮಿನ್ಸ್. ಇದು ಬರೀ ಹೆಸರಿನ ಅಂತರ ಅಲ್ಲ, ಅಡುಗೆಯೇ ಬದಲಾಗುತ್ತದೆ. ಕಳಲೆಗೆ (ಎಳೆ ಬಿದಿರಿನ ಮೊಳಕೆ) ‘ಚಾಪ್’ ಎಂದು ಬರೆದರೆ ದಪ್ಪ ತುಂಡಾಗುತ್ತದೆ. ಬೇಕಾದದ್ದು ‘ಥಿನ್ ಸ್ಲೈಸ್’. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿಟ್ಟು ದಿನಕ್ಕೊಮ್ಮೆ ನೀರು ಬದಲಿಸಿದರೆ ಅದು ನೀರಿಗಿಳಿದು ಹೋಗುತ್ತದೆ, ಆಮೇಲೆ ಬೇಯಿಸಬೇಕು. ದಪ್ಪ ತುಂಡಿನ ನಡುವೆ ಕಹಿ ಉಳಿದುಬಿಡುತ್ತದೆ.

ಮೆಟ್ಟುಗತ್ತಿಗೆ ಇಂಗ್ಲಿಷಿನಲ್ಲಿ ಒಂದು ಪದ ಇಲ್ಲ. ಅಲಗು ನಿಂತಿರುತ್ತದೆ, ತರಕಾರಿ ಓಡುತ್ತದೆ. ನೈಫ್ ಇದಕ್ಕೆ ತದ್ವಿರುದ್ಧ. ‘ಕಾಲಲ್ಲಿ ಮೆಟ್ಟಿ ಹಿಡಿಯುವ ನಿಂತ ಅಲಗು’ ಎಂದು ವಿವರಿಸುವುದೇ ಸರಿ.

ಪದಮೂಲ

ಚಾಪ್ ಎಂದಾಗ ಒಂದು ಎಚ್ಚರಿಕೆ. ಸಿಂಗಪುರ, ಹಾಂಗ್‌ಕಾಂಗ್ ಕಡೆ ‘ಕಂಪನಿ ಚಾಪ್’ ಎಂದರೆ ಕಂಪನಿಯ ಮುದ್ರೆ. ಅದು ಕೊಯ್ಯುವ ಚಾಪ್ ಅಲ್ಲ. ಹಿಂದಿಯ ‘ಛಾಪ್’ ವ್ಯಾಪಾರಿಗಳ ಬಾಯಲ್ಲಿ ಪೂರ್ವಕ್ಕೆ ಹೋದದ್ದು. ನಮ್ಮ ಛಾಪಾ ಕಾಗದದ ಛಾಪಾ ಅದರ ಮನೆಯದೇ.

ಭದ್ರಾವತಿ ಪೆವಿಲಿಯನ್

ಕ್ರಿಕೆಟ್ಟಿನ ಕಟ್ ಬಿಟ್ಟರೆ ಭದ್ರಾವತಿಯವರು ಸುಮ್ಮನಿರುವುದಿಲ್ಲ. 1949ರಲ್ಲಿ ಇಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹೆಸರಾದದ್ದು; 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಯ ಬೆನ್ನಿಗೇ 137 ಹೊಡೆದವರು. ಆಫ್ ಸ್ಟಂಪಿನ ಹೊರಗೆ ಶಾರ್ಟ್ ಬಿದ್ದ ಚೆಂಡಿಗೆ ಬ್ಯಾಟನ್ನು ಅಡ್ಡವಾಗಿ, ಮೇಲಿಂದ ಕೆಳಕ್ಕೆ ಬೀಸಬೇಕು. ಪಾಯಿಂಟ್ ಕಡೆ ಹೋದರೆ ಸ್ಕ್ವೇರ್ ಕಟ್. ಚೆಂಡು ದೇಹ ದಾಟುವ ತನಕ ಕಾದು ಥರ್ಡ್ ಮ್ಯಾನ್ ಕಡೆಗೆ ತಿರುಗಿಸಿದರೆ ಲೇಟ್ ಕಟ್. ಚೆಂಡು ಮೈಗೆ ಹತ್ತಿರವಿದ್ದರೆ ಕೈ ಚಾಚಲು ಜಾಗ ಸಿಗದೆ ಒಳ ಅಂಚು ತಾಗಿ ಬೌಲ್ಡ್. ಎಣಿಕೆಗಿಂತ ಮೇಲೆದ್ದರೆ ಮೇಲಂಚು ತಾಗಿ ಕೀಪರ್ ಕೈಗೆ. ಕನ್ನಡದ ಕಾಮೆಂಟರಿಯಲ್ಲೂ ಇದು ‘ಕಟ್’ ಆಗಿಯೇ ಇರಲಿ.

ಬಳ್ಳಿಮೆಣಸು

ನಾಮಪದ ‘ಕಟಿಂಗ್’ ಮರೆಯಬೇಡಿ. ಗಿಡದಿಂದ ಗಿಡ ಮಾಡಲು ತೆಗೆದ ತುಂಡು ಕಟಿಂಗ್. ಕಾಳುಮೆಣಸಿಗೆ ಬುಡದಿಂದ ಹೊರಟ ಹಬ್ಬು ಬಳ್ಳಿಯನ್ನು ಕೋಲಿಗೆ ಸುತ್ತಿ ನೆಲಕ್ಕೆ ತಾಗದಂತೆ ಇಟ್ಟಿರಬೇಕು, ಇಲ್ಲವಾದರೆ ಗಿಣ್ಣುಗಿಣ್ಣಿಗೆ ಬೇರು ಬಿಡುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಬಳ್ಳಿ ಬೇರ್ಪಡಿಸಿ, ತೀರ ಎಳೆಯ ತುದಿ, ತೀರ ಬಲಿತ ಬುಡ ಎರಡನ್ನೂ ಬಿಟ್ಟು, ನಡುವಿನ ಭಾಗದಿಂದ 2-3 ಗಿಣ್ಣಿನ ತುಂಡು ಮಾಡಬೇಕು. ಎಲೆ ತೆಗೆದು ತೊಟ್ಟು ಉಳಿಸಬೇಕು. ಮಣ್ಣು ಎರಡು ಪಾಲು, ಮರಳು ಒಂದು, ಗೊಬ್ಬರ ಒಂದು ಬೆರೆಸಿದ ಚೀಲದಲ್ಲಿ ಕನಿಷ್ಠ ಒಂದು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟು ನೆರಳಲ್ಲಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಸಸಿ. ಎಳೆ ತುದಿ ಕೊಳೆಯುತ್ತದೆ. ಕಾಯಿ ಬಿಡುವ ಅಡ್ಡ ರೆಂಬೆಯಿಂದ ತೆಗೆದ ತುಂಡು ಬಳ್ಳಿಯಾಗಿ ಹತ್ತದೆ ಪೊದೆ ಮೆಣಸಾಗುತ್ತದೆ. ಪತ್ರಿಕೆಯಿಂದ ಕತ್ತರಿಸಿಟ್ಟ ಸುದ್ದಿ, ಗುಡ್ಡ ಕಡಿದು ಮಾಡಿದ ರಸ್ತೆಯ ಕೊರಕಲು ಇವೂ ಇಂಗ್ಲಿಷಿನಲ್ಲಿ ಕಟಿಂಗೇ.

ತೀರ್ಥಹಳ್ಳಿ ಮೇಷ್ಟ್ರು

ಪಟ ಈಗ ಎರಡು ಹಾಳೆ ಆಗುತ್ತದೆ, ಆಗಲಿ. ಕೊನೆಯದೊಂದು ಪ್ರಶ್ನೆ: ಅಡಿಕೆ ‘ಕೊನೆಗಾರ’ನಿಗೆ ‘ಅರೆಕಾ ಕಟರ್’ ಅನ್ನಬಹುದಾ?

ಸಾಗರದ ಓದುಗಿ

ಬೇಡ ಮೇಷ್ಟ್ರೇ. ಅರೆಕಾ ಕಟರ್ ಎಂದರೆ ಅಡಕತ್ತರಿ ಎಂದುಕೊಳ್ಳುತ್ತಾರೆ. ಹಾರ್ವೆಸ್ಟರ್ ಎಂದರೆ ಭತ್ತ ಕೊಯ್ಯುವ ಯಂತ್ರ ಕಣ್ಣಿಗೆ ಬರುತ್ತದೆ. ಕ್ಲೈಂಬರ್ ಹತ್ತಿರದ ಪದ, ಆದರೆ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಇಳಿಸುವವರಿಗೆ ಅದು ಹೊಂದದು. ‘ಕೊನೆಗಾರ’ ಎಂದೇ ಬರೆದು, ಪಕ್ಕದಲ್ಲಿ ಅಡಿಕೆಯ ಬಂಚ್ ಇಳಿಸುವ ನುರಿತ ಕೆಲಸಗಾರ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಕೊಡಿ. ಕುಮ್ರಿ ಇಂಗ್ಲಿಷಿಗೆ ಸೇರಿದ್ದು ಹಾಗೆಯೇ.